ರೆಕಾರ್ಡಿಲ್ಲದ ಕವರು

ಡಾಲಸ್ ಪಕ್ಕದ ಮರ್ಫಿ ಊರಿನ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ತಲೆ ಎತ್ತಿದರೆ ಎದುರಿಗೆ ಕಾಣುವುದು ದೇವರ ಪಟವಲ್ಲ, ಒಬ್ಬ ಬಿಳಿ ಹೆಂಗಸು. ತುಟಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಕೊರಳಲ್ಲಿ ಮುತ್ತಿನ ಸರ, ಹೆಗಲ ಮೇಲೆ ತುಪ್ಪಳದ ಕೋಟು. ಹಳೆಯ ಎಲ್.ಪಿ. ರೆಕಾರ್ಡಿನ ಕವರು ಅದು. ಚೌಕಟ್ಟು ಹಾಕಿಸಿದ್ದೇನೆ, ಹಿಂದೆ ಮುಂದೆ ಎರಡೂ ಕಡೆ ಗಾಜು. ಒಳಗೆ ರೆಕಾರ್ಡ್ ಇಲ್ಲ.

“ಮೂವತ್ತು ವರ್ಷ ವ್ಯಾಪಾರ ಮಾಡ್ಯಾರ್ರಿ ಇವ್ರು,” ಅಂತ ನನ್ನ ಹೆಂಡತಿ ವಿಮಲಾ ಬಂದವರಿಗೆಲ್ಲ ಕಾಫಿಯ ಜೊತೆ ಇದನ್ನೂ ಬಡಿಸುತ್ತಾಳೆ. “ಕಡೀಕ ನೋಡ್ರಿ, ಖಾಲಿ ಕವರ್ ತಂದಾರ.”

ಅವಳು ಧಾರವಾಡದವಳು. ಮೈಸೂರಿನವನಾದ ನಾನು ಇಂಥದ್ದಕ್ಕೆಲ್ಲ ಮುಗುಳ್ನಕ್ಕು ಸುಮ್ಮನಾಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಆದರೆ ನಿಮ್ಮ ಹತ್ತಿರ ಹೇಳದೆ ಇರಲಾರೆ. ಯಾಕೆಂದರೆ ಚೌಕಾಸಿಯ ವಿಷಯದಲ್ಲಿ ನನ್ನ ಮಾತನ್ನು ಊರು ಕೇಳುತ್ತದೆ. ಹೊಸದಾಗಿ ಡಾಲಸ್‌ಗೆ ಶಿಫ್ಟ್ ಆದ ನಮ್ಮ ಹುಡುಗರು ಕಾರು ಕೊಳ್ಳುವ ಮುಂಚೆ ನನಗೆ ಫೋನ್ ಮಾಡುತ್ತಾರೆ. “ನಂಜುಂಡ ಅಂಕಲ್, ಒಂದ್ಸಲ ಬಂದು ಪಕ್ಕದಲ್ಲಿ ನಿಂತ್ಕೊಳ್ಳಿ ಸಾಕು.” ನಿಂತುಕೊಳ್ಳುತ್ತೇನೆ. ಸೇಲ್ಸ್‌ಮನ್ ಬೆಲೆ ಹೇಳಿದಾಗ ಏನೂ ಮಾತಾಡದೆ ಟೈರನ್ನು ನೋಡುತ್ತಾ ಒಂದು ನಿಟ್ಟುಸಿರು ಬಿಡುತ್ತೇನೆ. ಅಷ್ಟೇ. ಆ ನಿಟ್ಟುಸಿರಿನ ಮೇಲೆ ಎಷ್ಟೋ ಕುಟುಂಬಗಳು ಓಡಾಡುತ್ತಿವೆ.

ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ನನ್ನದೊಂದು ಸೀರೆ ಅಂಗಡಿ ಇತ್ತು. ಮೊದಲು ಬೇರೆಯವರ ಅಂಗಡಿಯಲ್ಲಿ ಸೀರೆ ಮಡಚಿದೆ, ಆಮೇಲೆ ಸ್ವಂತ ಹಾಕಿದೆ, ಕೊನೆಗೆ ಒಳ್ಳೆಯ ಸಮಯ ನೋಡಿ ಮಾರಿ ಇಲ್ಲಿಗೆ ಬಂದೆ. ಅಂಗಡಿ ಹೋದರೂ ಕೈ ಸುಮ್ಮನಿರಬೇಕಲ್ಲ. ವಾರದ ಕೊನೆಗೆ ಎಸ್ಟೇಟ್ ಸೇಲ್ ಸುತ್ತುವುದು ಅಭ್ಯಾಸವಾಯಿತು. ಯಾರೋ ವಯಸ್ಸಾದವರು ದೊಡ್ಡ ಮನೆ ಬಿಟ್ಟು ಸಣ್ಣ ಜಾಗಕ್ಕೆ ಹೋಗುವಾಗ, ಚಮಚದಿಂದ ಮಂಚದವರೆಗೆ ಎಲ್ಲವನ್ನೂ ಇದ್ದ ಜಾಗದಲ್ಲೇ ಬಿಟ್ಟು, ಚೀಟಿ ಅಂಟಿಸಿ, ಬಾಗಿಲು ತೆರೆದಿಡುತ್ತಾರೆ. ನೀವು ಪರರ ಮನೆಯ ಅಡುಗೆಮನೆ, ಮಲಗುವ ಕೋಣೆ ಎಲ್ಲ ಹೊಕ್ಕು ಬೆಲೆ ಕೇಳಬಹುದು. ನಮ್ಮ ಕಡೆ ಹೀಗೆ ಮಾಡಿದರೆ ಅಕ್ಕಪಕ್ಕದವರು ಏನೋ ಆಗಿಹೋಯಿತು ಅಂತ ಓಡಿ ಬರುತ್ತಾರೆ.

ಬುದ್ಧಿಮಾತು ಕೇಳುವ ಮನಸ್ಸಿದ್ದರೆ ಬರೆದುಕೊಳ್ಳಿ. ಶುಕ್ರವಾರ ಹೋಗಿ, ಆದರೆ ಕೊಳ್ಳಬೇಡಿ. ಭಾನುವಾರ ಊಟದ ಹೊತ್ತಿಗೆ ಮಾರುವವರಿಗೆ ಸುಸ್ತಾಗಿರುತ್ತದೆ, ಆಗ ಹೋಗಿ. ಬೇಕಾದ್ದರ ಕಡೆ ಕಣ್ಣು ಹಾಯಿಸಬೇಡಿ, ಬೇಡದ್ದರ ಬೆಲೆ ಕೇಳಿ. ಮತ್ತು ದೋಷ ಹುಡುಕಿ. ದೋಷವಿಲ್ಲದ ವಸ್ತು ಲೋಕದಲ್ಲಿಲ್ಲ. ಇಲ್ಲದಿದ್ದರೂ ಇರುವ ಹಾಗೆ ಮುಖ ಮಾಡಿ.

ಡಾಲಸ್‌ನ ಇನ್ನೊಂದು ಬದಿಯ ಲೂಯಿಸ್‌ವಿಲ್‌ನ ಆ ಮನೆಗೆ ಹೋದದ್ದು ಒಂದು ಭಾನುವಾರ. ಮಾರುತ್ತಿದ್ದವಳು ಮನೆಯ ಮಗಳು ಸೂಸನ್, ಅರವತ್ತು ದಾಟಿದ ಹೆಂಗಸು, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಗ್ರಾಮಫೋನಿನ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಈ ರೆಕಾರ್ಡು. ಕವರಿನ ಮೇಲೆ ದೊಡ್ಡದಾಗಿ ‘ಇರ್ಮೆಲಾ’ ಅಂತಿತ್ತು. ಕೆಳಗಿದ್ದದ್ದು ಜರ್ಮನ್, ನನಗೆ ತಿಳಿಯಲಿಲ್ಲ. ನಾನು ದೀಪದ ಕಂಬವೊಂದರ ಬೆಲೆ ಕೇಳಿದೆ. ಆಮೇಲೆ, ಏನೋ ನೆನಪಾದವನಂತೆ, “ಇದು?” ಅಂದೆ.

“ಹತ್ತು ಡಾಲರ್. ಪೆಟ್ಟಿಗೆಯೂ ಸೇರಿ. ಅದು ನಮ್ಮಮ್ಮ. ನಾನು ಹುಟ್ಟುವ ಮುಂಚೆ ವಿಯೆನ್ನಾದಲ್ಲಿ ಸಿನಿಮಾ ಮಾಡುತ್ತಿದ್ದರು. ಈಗ ಆಸ್ಟಿನ್‌ನಲ್ಲಿ ನನ್ನ ಮನೆ ಹತ್ತಿರದ ವೃದ್ಧರ ಮನೆಯಲ್ಲಿದ್ದಾರೆ.”

ಇಂಥ ಮಾತಿಗೆ ಕರಗಬಾರದು. ರೆಕಾರ್ಡನ್ನು ಹಾಕಿಸಿ ಕೇಳಿದೆ. ಒಳ್ಳೆಯ ಕಂಠ, ಬಿಸಿಲಿಗೆ ಇಟ್ಟ ಜೇನಿನ ಹಾಗೆ. ಆದರೆ ನಡುನಡುವೆ ಒಂದು ಸಣ್ಣ ಸೀಟಿ, ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಸಿಕ್ಕಿತಲ್ಲ! ನಿಟ್ಟುಸಿರು ಬಿಟ್ಟೆ. “ಕೇಳಿದಿರಾ? ರೆಕಾರ್ಡ್ ಸವೆದಿದೆ, ಗೀರು ಬಿದ್ದಿದೆ. ಎರಡು ಡಾಲರ್.”

ಸೂಸನ್ ಒಂದು ಗಳಿಗೆ ಕವರನ್ನು ನೋಡಿ, “ತಗೊಳ್ಳಿ,” ಅಂದಳು.

ಕಾರಿನಲ್ಲಿ ಕಾಯುತ್ತಿದ್ದ ವಿಮಲಾ ಪೆಟ್ಟಿಗೆ ನೋಡಿ, “ಮತ್ತೇನ್ ತಂದ್ರಿ? ಮನ್ಯಾಗ ಜಾಗಾ ಎಲ್ಲದ?” ಅಂದಳು.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದೆ. ತುಂಬಾ ಫೋಟೋಗಳು. ಒಂದಕ್ಕೂ ನನಗೆ ತಿಳಿಯುವ ವಿವರಣೆ ಇಲ್ಲ. ಆದರೆ ಜವಳಿಯವನಿಗೆ ವಿವರಣೆ ಯಾಕೆ? ಬಟ್ಟೆ ಸುಳ್ಳು ಹೇಳುವುದಿಲ್ಲ. ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂತೆ. ಮೊದಲ ಫೋಟೋಗಳಲ್ಲಿ ಹೋಟೆಲ್ ಕೆಲಸದವಳ ಪಾತ್ರ. ನಾಯಕಿಯ ಹಿಂದೆ ತಟ್ಟೆ ಹಿಡಿದು ನಿಂತಿದ್ದಾಳೆ, ಉಡುಪು ಯಾರಿಗೋ ಹೊಲಿದದ್ದು, ಭುಜ ಜಾರುತ್ತಿದೆ. ಆಮೇಲೆ ಹೂ ಮಾರುವವಳು. ಈಗ ಭುಜ ಸರಿಯಾಗಿ ಕೂತಿದೆ, ಅಂದರೆ ಇವಳದೇ ಅಳತೆ ತೆಗೆದಿದ್ದಾರೆ. ಆಮೇಲೆ ಮೈಕಿನ ಮುಂದೆ ನಿಂತ ನಾಯಕಿ, ಹಿಂದೆ ವಾದ್ಯದವರು, ರೇಷ್ಮೆಯ ಗೌನು. ಅದು ಅಸಲಿ ರೇಷ್ಮೆ, ಫೋಟೋದಲ್ಲೂ ಅದು ಇಳಿಬಿದ್ದ ರೀತಿಯಲ್ಲೇ ಗೊತ್ತಾಗುತ್ತದೆ. ಆಮೇಲೆ ತುಪ್ಪಳದ ಕೋಟು. ಮುಂದಿನ ಫೋಟೋಗಳಲ್ಲೂ ಅದೇ ಕೋಟು. ಅದರ ಮುಂದಿನವುಗಳಲ್ಲೂ ಅದೇ, ತೋಳಿನ ಹತ್ತಿರ ರೋಮ ತೆಳುವಾಗಿದೆ. ಆಮೇಲೆ ಫೋಟೋಗಳೇ ಇಲ್ಲ.

ಆರೇಳು ವರ್ಷದ ಬಾಳು. ಏರಿದ್ದು ಗೊತ್ತಾಯಿತು, ನಿಂತದ್ದು ಗೊತ್ತಾಯಿತು. ಯಾಕೆ ನಿಂತಿತು? ಅದು ನನ್ನನ್ನು ಬಿಡಲಿಲ್ಲ. ಇನ್ನೊಂದು ವಿಚಿತ್ರವನ್ನೂ ಗಮನಿಸಿದೆ. ಅಷ್ಟು ಫೋಟೋಗಳಲ್ಲಿ ಎಲ್ಲೂ ಅವಳ ಹಲ್ಲು ಕಾಣುವುದಿಲ್ಲ.

“ಪಾಪ, ನಗ್ಲಿಕ್ಕೂ ಬಿಟ್ಟಿಲ್ಲೇನೋ ಅಕೀಗೆ,” ಅಂದಳು ವಿಮಲಾ. ಅಷ್ಟು ಹೊತ್ತಿಗೆ ಅವಳೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು.

ಪೆಟ್ಟಿಗೆಯ ತಳದಲ್ಲಿ ಒಂದು ಲಕೋಟೆ ಇತ್ತು. ಒಳಗೆ ಆಸ್ಪತ್ರೆಯ ಒಂದು ಕಾರ್ಡು, ಅದರ ಮೇಲೆ ಮಸಿಯಲ್ಲಿ ಒತ್ತಿದ ಎರಡು ಪುಟ್ಟ ಪಾದ. ಹೆಸರು ಸೂಸನ್. ಮಾರಬಾರದ್ದು ಮಾರಿಹೋಗಿತ್ತು. ನಾನು ಚೌಕಾಸಿ ಮಾಡುತ್ತೇನೆ, ನಿಜ. ಆದರೆ ಮಗುವಿನ ಪಾದ ಇಟ್ಟುಕೊಳ್ಳುವ ಜಾತಿಯವನಲ್ಲ. ಸೇಲಿನ ರಸೀದಿಯಲ್ಲಿದ್ದ ಸೂಸನ್ ನಂಬರಿಗೆ ಫೋನ್ ಮಾಡಿ, ಮುಂದಿನ ಶನಿವಾರ ಹ್ಯೂಸ್ಟನ್‌ಗೆ ಹೊರಟಿದ್ದೇವೆ, ಆಸ್ಟಿನ್ ದಾರಿಯಲ್ಲೇ ಸಿಗುತ್ತದೆ, ಕೊಟ್ಟು ಹೋಗುತ್ತೇವೆ ಅಂದೆ.

ವಿಮಲಾಳ ತಂಗಿಯ ಮಗಳ ಸೀಮಂತ ಇದ್ದದ್ದು ಹ್ಯೂಸ್ಟನ್‌ನಲ್ಲಿ ನಿಜ. ದಾರಿಯ ಮಾತು ನಿಜವಲ್ಲ.

“ಹ್ಯೂಸ್ಟನ್‌ಗೆ ಹೋಗೂದಕ್ಕ ಆಸ್ಟಿನ್ ಯಾಕ್ ಬೇಕ್ರಿ?” ಅಂತ ಅವಳು ವೇಕೋ ದಾಟುವವರೆಗೂ ಕೇಳಿದಳು. “ಹಂಗಿದ್ರ ಆ ತುದಿಯಾಗಿನ ಎಲ್ ಪಾಸೋನೂ ನೋಡ್ಕೊಂಡ ಹೋಗೂಣಲ್ಲ!”

ನಿಮಗೆ ಮಾತ್ರ ಹೇಳುತ್ತೇನೆ. ರೆಕಾರ್ಡನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡಿದ್ದೆ. ಆಕೆಯ ಸಹಿ ಹಾಕಿಸಿದರೆ ಅದರ ತೂಕವೇ ಬೇರೆ ಅಂತ ಲೆಕ್ಕ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನಾನು ಮುಂದೆ ಮಾಡಿದ ಪೆದ್ದು ಕೆಲಸ ನಿಮಗೆ ಅರ್ಥವಾಗುವುದಿಲ್ಲ. ನನ್ನ ಮೊದಲ ವ್ಯಾಪಾರ ಸೀರೆಯಲ್ಲ, ಹಾಡಿನ ಪುಸ್ತಕ. ಮೈಸೂರಿನ ಟಾಕೀಸಿನ ಗೇಟಿನ ಹೊರಗೆ, ಹತ್ತು ಪೈಸೆಗೆ ಒಂದು. ಗುಲಾಬಿ ಕಾಗದ, ಬೆರಳಿಗೆ ಅಂಟುವ ಮಸಿ. ಅರ್ಧ ಕಥೆ ಹೇಳಿ, ಮಿಕ್ಕದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ನಿಲ್ಲಿಸಿಬಿಡುವ ನಾಲ್ಕು ಪುಟ. ಒಂದೊಂದು ಹಾಡಿನ ತಲೆಯ ಮೇಲೂ ‘ಹಾಡಿದವರು’ ಅಂತ ಒಂದು ಸಾಲು. ಜನ ಮೊದಲು ನೋಡುತ್ತಿದ್ದದ್ದು ಆ ಸಾಲನ್ನು. ಕೆಲವು ಸಲ ಅಚ್ಚಿನವರು ಅದನ್ನೇ ಬಿಟ್ಟಿರುತ್ತಿದ್ದರು. ಆಗ ಗಿರಾಕಿ, “ಯಾರೋ ಹಾಡಿರೋದು?” ಅಂದರೆ, ಬಾಯಿಗೆ ಬಂದ ಹೆಸರು ಹೇಳಿ ಮಾರಿಬಿಡುತ್ತಿದ್ದೆ.

ಒಂದು ದಿನ ಹಾಗೆ ಕೊಂಡುಹೋದ ದರ್ಜಿಯೊಬ್ಬರು ಆಟ ಮುಗಿದ ಮೇಲೆ ಹುಡುಕಿಕೊಂಡು ಬಂದು ಕಿವಿ ಹಿಡಿದರು. ಹತ್ತು ಪೈಸೆ ವಾಪಸು ಕೇಳಲಿಲ್ಲ. “ನೀನು ಹೇಳಿದೋರು ಅಲ್ಲ ಕಣೋ ಹಾಡಿರೋದು. ಒಬ್ಬರು ಹಾಡಿದ್ದನ್ನ ಇನ್ನೊಬ್ಬರ ಹೆಸರಿಗೆ ಹಾಕ್ತೀಯಲ್ಲ, ಅವರ ಗಂಟಲಿಗೆ ಕೈ ಹಾಕಿದ ಹಾಗಲ್ವೇನೋ?” ಅಂದರು. ಕಿವಿಯ ನೋವು ಸಂಜೆಗೇ ಹೋಯಿತು. ಅವತ್ತಿನಿಂದ, ಯಾವ ಸಿನಿಮಾ ಹಾಡು ಕಿವಿಗೆ ಬಿದ್ದರೂ ಯಾರು ಹಾಡಿದ್ದು ಅಂತ ಕೇಳಿಯೇ ಕೇಳುತ್ತೇನೆ. ನಮ್ಮಲ್ಲಿ ಅದು ಸಹಜ. ತೆರೆಯ ಮೇಲೆ ಒಬ್ಬರು, ಮೈಕಿನ ಹಿಂದೆ ಒಬ್ಬರು. ಇಬ್ಬರಿಗೂ ಅಭಿಮಾನಿಗಳುಂಟು, ಇಬ್ಬರಿಗೂ ಹಾರ.

ಆಸ್ಟಿನ್‌ನ ಆ ವೃದ್ಧರ ಮನೆ ಚೆನ್ನಾಗಿತ್ತು. ಮುಂದೆ ಓಕ್ ಮರ, ಒಳಗೆ ಕಾಫಿಯ ವಾಸನೆ. ಇರ್ಮೆಲಾ ತಮ್ಮ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು, ಪಕ್ಕದಲ್ಲಿ ಸೂಸನ್. ಇಷ್ಟು ಹೊತ್ತು ಅವಳು ಇವಳು ಅಂದೆ, ಅದು ಫೋಟೋಗೆ. ಎದುರಿಗೆ ಕೂತದ್ದು ತೊಂಬತ್ತೊಂದು ವರ್ಷದ ಹಿರಿಯರು. ಅತಿಥಿಗಳು ಬರುತ್ತಾರೆಂದು ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು.

“ಸಿಟ್, ಸಿಟ್,” ಅಂದರು. ವಿಮಲಾ ಡಬ್ಬಿಯಿಂದ ಕೋಡುಬಳೆ ತೆಗೆದು, ಗಟ್ಟಿ ಇದೆ, ಹಲ್ಲು ಜೋಪಾನ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಕಟಕ್ಕನೆ ಕಡಿದು ತೋರಿಸಿದರು. “ಎಲ್ಲವೂ ನನ್ನವೇ. ಒಂದೂ ಕಟ್ಟಿಸಿದ್ದಲ್ಲ!” ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಧಾರಾಳವಾದ ಸಂದಿ ಇತ್ತು.

ಲಕೋಟೆ ಕೊಟ್ಟೆ. ಪಾದದ ಗುರುತನ್ನು ಕಂಡು ಆಕೆ ಮಗಳ ಕೈ ಹಿಡಿದುಕೊಂಡರು. ಆಮೇಲೆ ನನ್ನತ್ತ ತಿರುಗಿ, ನನ್ನ ರೆಕಾರ್ಡಿಗೆ ಎಷ್ಟು ಕೊಟ್ಟಿರಿ ಅಂದರು. ಎರಡು ಅಂದೆ. ಸೂಸನ್ ಕೇಳಿದ್ದು? ಹತ್ತು. “ಭೇಷ್! ಹೇಗೆ ಇಳಿಸಿದಿರಿ?” ಸ್ವಂತ ರೆಕಾರ್ಡಿನ ಬೆಲೆ ಬಿದ್ದದ್ದಕ್ಕೆ ಹೀಗೆ ಖುಷಿಪಡುವವರನ್ನು ನಾನು ಕಂಡಿರಲಿಲ್ಲ. ಗುಟ್ಟು ಹೇಳುವುದಿಲ್ಲ ಅಂದೆ. ತುಪ್ಪಳದ ಕೋಟಿನ ವಿಷಯ ಕೇಳಿದೆ. “ಅದು ಕಂಪನಿಯದು. ಫೋಟೋ ತೆಗೆದ ಮೇಲೆ ವಾಪಸು ಇಸಿದುಕೊಳ್ಳುತ್ತಿದ್ದರು. ನಿಮ್ಮ ಕಣ್ಣು ಚುರುಕು,” ಅಂದರು. ಒಳ್ಳೆಯ ಸ್ನೇಹ ಬೆಳೆಯುತ್ತಿತ್ತು.

ಆಗ ನಾನು, ಮರ್ಯಾದೆಗೆ, ನಮ್ಮೂರಿನಲ್ಲಿ ಕೇಳುವ ಹಾಗೆಯೇ ಕೇಳಿದೆ. “ಹಾಡು ಬಹಳ ಚೆನ್ನಾಗಿದೆ. ನಿಮಗೆ ಯಾರು ಹಾಡಿದ್ದು?”

ಸೂಸನ್ ಕಾಫಿಯ ಲೋಟ ಕೆಳಗಿಟ್ಟಳು. ಇರ್ಮೆಲಾರ ಮುಖ ಕವರಿನ ಮೇಲಿನ ಮುಖವಾಯಿತು, ತುಟಿ ಮುಚ್ಚಿಹೋಯಿತು. ಕೋಡುಬಳೆಯ ಚೂರನ್ನು ತಟ್ಟೆಯಲ್ಲಿಟ್ಟು, “ನನಗೆ ವಿಶ್ರಾಂತಿಯ ಹೊತ್ತು,” ಅಂದರು.

ಹೊರಗಿನ ಪಡಸಾಲೆಯಲ್ಲಿ ಸೂಸನ್ ಹೇಳಿದಳು. ಅವಳ ಅಮ್ಮನಿಗೂ ಸಿನಿಮಾ ಕಂಪನಿಗೂ ಒಪ್ಪಂದದ ಜಗಳ ಬಂದಿತ್ತಂತೆ. ಹಳೆಯ ಷರತ್ತಿನ ಮೇಲೇ ಇನ್ನೈದು ವರ್ಷ ಬರೆದುಕೊಡು ಅಂದರು, ಈಕೆ ಆಗದು ಅಂದರು. ಅದೇ ಹೊತ್ತಿಗೆ ಪತ್ರಿಕೆಯೊಂದರಲ್ಲಿ ಬಂತು, ಇರ್ಮೆಲಾ ಬರೀ ಬಾಯಿ ಆಡಿಸುತ್ತಾಳೆ, ಹಾಡುವವಳು ಬೇರೆ ಯಾರೋ ಅಂತ. ಕಂಪನಿಯವರು ಸುಳ್ಳು ಅನ್ನಲಿಲ್ಲ, ನಿಜ ಅನ್ನಲೂ ಇಲ್ಲ, ಸುಮ್ಮನಿದ್ದುಬಿಟ್ಟರು. ಈಕೆ ಎದ್ದು ಹೊರಟರು. ಒಬ್ಬ ಎಂಜಿನಿಯರನ್ನು ಮದುವೆಯಾಗಿ ಟೆಕ್ಸಸ್‌ಗೆ ಬಂದರು.

ವ್ಯಾಪಾರದಲ್ಲಿ ಎದ್ದು ಹೊರಡುವುದು ಬ್ರಹ್ಮಾಸ್ತ್ರ. ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ! ಆದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅಂಗಡಿಯವನು ಹಿಂದಿನಿಂದ ಕೂಗಬೇಕು. ಅವರನ್ನು ಯಾರೂ ಕೂಗಲಿಲ್ಲ.

“ಆಮೇಲೆ ಅಮ್ಮ ಹಾಡಲೇ ಇಲ್ಲ,” ಅಂದಳು ಸೂಸನ್. “ತೊಟ್ಟಿಲಿನ ಮುಂದೆಯೂ ಇಲ್ಲವಂತೆ. ಚಿಕ್ಕವಳಿದ್ದಾಗ ಒಂದು ಸಲ ಕೇಳಿದೆ, ಹಾಡಿ ತೋರಿಸು ಅಂತ. ‘ತೋರಿಸಿದರೆ ಮಾತ್ರ ನಂಬುವುದಾದರೆ ನಂಬಬೇಡ’ ಅಂದರು. ಮತ್ತೆ ಕೇಳಲಿಲ್ಲ.” ದನಿ ತಗ್ಗಿಸಿ ಅಂದಳು, “ಯಾರ ಹತ್ತಿರವೂ ಹೇಳಿಲ್ಲ. ನನಗೂ ಗೊತ್ತಿಲ್ಲ, ಅದು ಅಮ್ಮನ ದನಿಯೋ ಅಲ್ಲವೋ. ಅದಕ್ಕೇ ಹತ್ತು ಡಾಲರಿನ ಚೀಟಿ ಅಂಟಿಸಲು ಕೈ ಬಂತು. ಅಮ್ಮನಿಗೆ ತೊಂಬತ್ತೊಂದು. ಈಗ ಹೇಗೆ ಕೇಳಲಿ?”

ವಿಮಲಾ ಬಿರಬಿರನೆ ಹೋಗಿ ಕಾರು ಹತ್ತಿದಳು. ಬಾಗಿಲು ಹಾಕಿಕೊಂಡ ಮೇಲೆ ಶುರುವಾಯಿತು.

“ಏನಂತ ಕೇಳಿದ್ರಿ ನೀವು? ಸೀರಿ ಯಾವ ಊರಿಂದು ಅಂತ ಕೇಳ್ಧಂಗ ಕೇಳಿದ್ರೆಲ್ಲ!”

“ನಮ್ಮ ಕಡೆ ಎಲ್ಲರೂ ಕೇಳ್ತಾರೆ ಕಣೇ.”

“ಇದು ನಿಮ್ಮ ಟಾಕೀಸ್ ಗೇಟಲ್ರಿ. ಅಕೀ ಕಟಕ್ ಅಂತ ಕೋಡುಬಳಿ ಕಡ್ದು, ಎಷ್ಟ್ ಖುಷಿ ಆಗಿದ್ಲು. ಸಿಟ್ ಸಿಟ್ ಅಂತ ಸೀಟಿ ಹೊಡ್ಕೋತ ಮಾತಾಡ್ತಿದ್ಲು ಪಾಪ...”

ಕೀಲಿ ತಿರುಗಿಸಲು ಹೋದ ನನ್ನ ಕೈ ನಿಂತಿತು.

ಸೀಟಿ.

ಈಗ ಒಂದು ತಪ್ಪೊಪ್ಪಿಗೆ. ಗೀರು ಬಿದ್ದ ರೆಕಾರ್ಡು ಸುತ್ತಿಗೊಂದು ಸಲ ಟಕ್ ಅನ್ನುತ್ತದೆ, ಗಡಿಯಾರದ ಹಾಗೆ, ಲೆಕ್ಕ ತಪ್ಪದೆ. ಲೂಯಿಸ್‌ವಿಲ್‌ನಲ್ಲಿ ನಾನು ಕೇಳಿದ್ದು ಹಾಗಿರಲಿಲ್ಲ. ಒಮ್ಮೆ ಬಂದರೆ ಆಮೇಲೆ ಎಷ್ಟೋ ಹೊತ್ತು ಇಲ್ಲ, ಆಮೇಲೆ ಎರಡು ಸಲ ಒಟ್ಟಿಗೆ. ಅದು ಗೀರಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಬೆಲೆ ಇಳಿಯುತ್ತಿತ್ತಲ್ಲ, ನಿಜ ಹೇಳದೆ ಸುಮ್ಮನಿದ್ದೆ. ಆ ಕಂಪನಿಯವರು ಸುಮ್ಮನಿದ್ದ ಹಾಗೆಯೇ. ದರ್ಜಿ ಹಿಡಿದ ಕಿವಿ ಇಷ್ಟು ವರ್ಷದ ಮೇಲೆ ಬಿಸಿಯಾಯಿತು.

“ಎಲ್ಲಿಗ್ರಿ? ಸೀಮಂತ ಮಧ್ಯಾಹ್ನಕ್ಕದ!”

ಹಿಂದಿನ ಸೀಟಿನಿಂದ ರೆಕಾರ್ಡ್ ತೆಗೆದುಕೊಂಡು ಓಡಿದೆ. ಅರವತ್ತಾರರ ಮೊಣಕಾಲು ಎಷ್ಟು ಓಡಬಹುದೋ ಅಷ್ಟು.

ಪಡಸಾಲೆಯ ಮೂಲೆಯಲ್ಲಿ ಒಂದು ಹಳೆಯ ಪ್ಲೇಯರ್ ಇತ್ತು. ಕಿಟಕಿಯ ಪಕ್ಕದಲ್ಲಿ ಒಬ್ಬ ಅಜ್ಜ ತೂಕಡಿಸುತ್ತಿದ್ದ. ಸೂಸನ್ ಇನ್ನೂ ಅಲ್ಲೇ ನಿಂತಿದ್ದಳು. “ಒಂದೇ ಹಾಡು ಕೇಳಿ. ನಾನು ಗೀರು ಅಂದೆನಲ್ಲ, ಅದನ್ನು ಕೇಳಿ,” ಅಂದು ಮುಳ್ಳು ಇಳಿಸಿದೆ.

ಆ ದನಿ ಪಡಸಾಲೆಗೆ ಬಂತು. ಮೊದಲ ಸೀಟಿ ಬಂದಾಗ ನಾನು ಬೆರಳೆತ್ತಿದೆ. “ಸುತ್ತಿಗೆ ಸರಿಯಾಗಿ ಬರುತ್ತಿಲ್ಲ, ನೋಡಿ. ಸ ಅನ್ನುವ ಅಕ್ಷರ ಬಂದ ಕಡೆ ಮಾತ್ರ. ರೆಕಾರ್ಡಿನ ದೋಷವಲ್ಲ ಇದು, ಹಾಡಿದವರ ಹಲ್ಲಿನ ಸಂದಿ. ನಾನು ನಿಮಗೆ ಸುಳ್ಳು ಹೇಳಿದೆ.”

ಸೂಸನ್ ಪ್ಲೇಯರಿನ ಹತ್ತಿರ ಬಗ್ಗಿ ಕೇಳುತ್ತಿದ್ದಳು. ನಂಬಲು ಆಸೆಯಿದೆ, ಹೆದರಿಕೆಯೂ ಇದೆ. ಹಿಂದಿನಿಂದ ವಾಕರಿನ ಟಕ ಟಕ ಸದ್ದು ಬಂತು. ಇರ್ಮೆಲಾ ಬಾಗಿಲಿಗೆ ಬಂದು ನಿಂತಿದ್ದರು.

“ಯಾರು ಹಾಕಿದ್ದು ಅದನ್ನು? ಸೂಸನ್?”

ಹಾಡಿನಲ್ಲೂ ಅದೇ ಗಳಿಗೆಯಲ್ಲಿ ಒಂದು ಸ ಬಂತು. ಎರಡು ಸೀಟಿ, ಒಂದರ ಮೇಲೊಂದು. ಒಂದು ಇಪ್ಪತ್ತರ ಹರೆಯದ್ದು, ಒಂದು ತೊಂಬತ್ತೊಂದರದ್ದು. ಅರವತ್ತು ವರ್ಷ ದಿನಾ ಅಮ್ಮನ ಬಾಯಲ್ಲಿ ತನ್ನ ಹೆಸರಿನೊಳಗೆ ಕೇಳಿದ ಸದ್ದನ್ನು ಮಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೂಸನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಮಮ್ಮಾ,” ಅಂದಳು ಕೊನೆಗೆ, “ನಾನು ಕೇಳದೇ ನಂಬಬೇಕಿತ್ತು.”

ಆಕೆ ವಾಕರನ್ನು ಮಗಳ ಹತ್ತಿರಕ್ಕೆ ತಂದು ನಿಂತರು. ಹಾಡು ಮುಗಿದು ಮುಳ್ಳು ಸುಮ್ಮನೆ ಉಜ್ಜುತ್ತಿತ್ತು. “ಆ ಹಲ್ಲನ್ನು ಸರಿಮಾಡಿಸು ಅಂತ ಕಂಪನಿಯವರು ಎಷ್ಟು ಹೇಳಿದರು ಗೊತ್ತಾ,” ಅಂದರು. “ಫೋಟೋದಲ್ಲಿ ಬೇಕಾದರೆ ಬಾಯಿ ಮುಚ್ಚುತ್ತೇನೆ, ಹಾಡುವಾಗ ಮುಚ್ಚಲಾರೆ ಅಂದೆ.”

ನಾನು ಕ್ಷಮೆ ಕೇಳಿದೆ. ಹಾಡಿನ ಪುಸ್ತಕದ ಕಥೆ ಹೇಳಿದೆ, ಗುಲಾಬಿ ಕಾಗದ, ಮಸಿ, ದರ್ಜಿ ಎಲ್ಲ. ಆಕೆ ವಾಕರಿನ ಮೇಲೆ ಬಗ್ಗಿ ಕುತೂಹಲದಿಂದ ಕೇಳಿದರು.

“ನಾಯಕಿ ಹಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಾ?”

“ಗೊತ್ತು.”

“ಜಗಳ ಆಗುವುದಿಲ್ಲವಾ?”

“ಆಗುತ್ತೆ. ಯಾರ ಕಂಠ ಚೆನ್ನ ಅಂತ.”

ಆಕೆ ನಕ್ಕರು. ಬಾಯಿ ತುಂಬಾ, ಸಂದಿ ಕಾಣುವ ಹಾಗೆ. ಹಾಗೆ ನಕ್ಕ ಫೋಟೋ ಒಂದೂ ಇಲ್ಲ ಅಂತ ನನಗೆ ಹೊಟ್ಟೆ ಉರಿಯಿತು.

ರೆಕಾರ್ಡನ್ನು ಸೂಸನ್ ಮುಂದೆ ಹಿಡಿದೆ, ಇಟ್ಟುಕೊಳ್ಳಿ ಅಂದೆ. ಇರ್ಮೆಲಾ ತಡೆದರು. “ವ್ಯಾಪಾರಸ್ಥರು ಸುಮ್ಮನೆ ಕೊಡಬಾರದು. ರೆಕಾರ್ಡ್ ಅವಳಿಗೆ, ಕವರು ನಿಮಗೆ. ಆ ಮುಖವನ್ನು ನಾನು ಸಾಕಷ್ಟು ನೋಡಿದ್ದೇನೆ.” ಹತ್ತಕ್ಕೆ ಹೇಳಿದ್ದನ್ನು ಎರಡಕ್ಕೆ ಇಳಿಸಿದವನು ನಾನು. ಆಕೆ ನನ್ನಿಂದ ಹಾಡನ್ನು ತೆಗೆದುಕೊಂಡು ರಟ್ಟನ್ನು ಕೊಟ್ಟರು, ನಾನು ಒಂದು ನಿಟ್ಟುಸಿರನ್ನೂ ಬಿಡದೆ ಒಪ್ಪಿಕೊಂಡೆ. ಆದರೂ ಹಳೆಯ ಚಾಳಿ ನೋಡಿ, ಪೆನ್ನು ಮುಂದೆ ಮಾಡಿ ಸಹಿ ಕೇಳಿದೆ.

ಆಕೆ ಪೆನ್ನನ್ನು ಮುಟ್ಟಲಿಲ್ಲ. ಮಗಳ ಕಡೆ ಕಣ್ಣು ತೋರಿಸಿದರು. “ಇವರೊಂದು ಪ್ರಶ್ನೆ ಕೇಳಿದ್ದರಲ್ಲ. ನೀನೇ ಉತ್ತರ ಬರೆದುಕೊಡು.”

ಸೀಮಂತಕ್ಕೆ ನಾವು ತಲುಪಿದಾಗ ಆರತಿ ಮುಗಿದಿತ್ತು. ಹ್ಯೂಸ್ಟನ್‌ವರೆಗೂ ವಿಮಲಾ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು, ಎಲ್ ಪಾಸೋ ವಿಷಯ ಎತ್ತಲಿಲ್ಲ. ಈಗಲೂ ಬಂದವರ ಮುಂದೆ ನನ್ನನ್ನು ಆಡಿಕೊಳ್ಳುತ್ತಾಳೆ, ಆದರೆ ವಾರಕ್ಕೆರಡು ಸಲ ಗಾಜು ಒರೆಸುವವಳು ಅವಳೇ.

ಡಾಲಸ್ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಬೆಲೆ ಮಾತ್ರ ಕೇಳಬೇಡಿ, ನಿಮ್ಮ ನಿಟ್ಟುಸಿರು ನನ್ನ ಹತ್ತಿರ ನಡೆಯುವುದಿಲ್ಲ. ಮುಖ ನೋಡಿ ಆದ ಮೇಲೆ ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿ. ಎರಡೂ ಕಡೆ ಗಾಜು ಹಾಕಿಸಿದ್ದು ಅದಕ್ಕೇ. ಜರ್ಮನ್ ಭಾಷೆಯಲ್ಲಿ ಹಾಡುಗಳ ಪಟ್ಟಿ ಇದೆ. ಪಟ್ಟಿಯ ಪಕ್ಕದಲ್ಲಿ, ನೀಲಿ ಇಂಕಿನಲ್ಲಿ ಸೂಸನ್ ಬರೆದದ್ದನ್ನು ಕನ್ನಡದಲ್ಲಿ ಓದಿದರೆ ಇಷ್ಟು:

ಹಾಡಿದವರು, ನನ್ನ ಅಮ್ಮ.